ಉಳುಕಿದ ಕಾಲಿಗೂ ಒಂದು ಇತಿಹಾಸ

ಹೋದ ವರ್ಷದ ರಾಜ್ಯೋತ್ಸವದಲ್ಲಿ ನಮ್ಮ ಮಹಿಳಾ ವೇದಿಕೆಯ ಕೋಲಾಟ ನೋಡಿದವರಿಗೆ ನೆನಪಿರಬಹುದು, ಮುಂದಿನ ಸಾಲಿನಲ್ಲಿ ಒಬ್ಬರು ಕೊನೇ ಗಳಿಗೆಯಲ್ಲಿ ಬದಲಾಗಿದ್ದರು. ಆ ಜಾಗ ನನ್ನದಾಗಿತ್ತು. ಕಾರ್ಯಕ್ರಮಕ್ಕೆ ಹನ್ನೆರಡು ದಿನ ಇರುವಾಗ, ತಾಲೀಮು ಮುಗಿಸಿ ಮೆಟ್ಟಿಲಿಳಿಯುತ್ತ ಮೊಬೈಲಿನಲ್ಲಿ ಆಫೀಸಿನ ಮೆಸೇಜು ನೋಡುತ್ತಿದ್ದೆ. ಮೆಟ್ಟಿಲು ಮುಗಿಯಿತು ಅಂದುಕೊಂಡೆ, ಇನ್ನೊಂದು ಉಳಿದಿತ್ತು. ಬಲಪಾದ ಒಳಕ್ಕೆ ಮಡಚಿಕೊಂಡು ಬಿದ್ದೆ. ಅರ್ಧ ಗಂಟೆಯೊಳಗೆ ಕಾಲಿನ ಹರಡಿನ ಮೇಲೆ ನಿಂಬೆಹಣ್ಣು ಇಟ್ಟಂತೆ ಬಾವು ಬಂತು.

ಅದೇ ಕಾಲು ಉಳುಕಿದ್ದು ಅದು ಮೂರನೆಯ ಸಲ. ಮೊದಲ ಸಲ ಕಾಲೇಜಿನ ದಿನಗಳಲ್ಲಿ, ಧಾರವಾಡದ ನಮ್ಮ ಮನೆಯ ಅಂಗಳದಲ್ಲಿ. ಅಜ್ಜಿ ಹುಣಸೆಹಣ್ಣು, ಉಪ್ಪು ಕುದಿಸಿ ಬಿಸಿ ಲೇಪ ಹಚ್ಚಿ, "ಎಂಟ ದಿನ ನೆಲಕ್ಕ ಕಾಲ ಊರಬ್ಯಾಡ" ಅಂದಿದ್ದರು. ಎರಡನೆಯ ಸಲ ಮಳೆಗಾಲದಲ್ಲಿ ಸಿಂಹಗಡ ಇಳಿಯುವಾಗ. ಆಗ ಪಟ್ಟಿ ಸುತ್ತಿಕೊಂಡು, ನೋವಿನ ಮಾತ್ರೆ ನುಂಗಿ, ಹತ್ತು ದಿನ ಮನೆಯಿಂದಲೇ ಕೆಲಸ ಮಾಡಿದ್ದೆ. ಎರಡೂ ಸಲ ನೋವು ಹೋಯಿತು, ನಾನೂ ಮರೆತೆ.

ಮೂರನೆಯ ಸಲ ಡಾಕ್ಟರು ಎಲುಬು ಮುರಿದಿಲ್ಲ ಎಂದು ಖಾತ್ರಿ ಮಾಡಿಕೊಂಡು ಫಿಸಿಯೋಥೆರಪಿಗೆ ಬರೆದುಕೊಟ್ಟರು. ಅಲ್ಲಿದ್ದವಳು ನನಗಿಂತ ಚಿಕ್ಕ ಹುಡುಗಿ. ಮರಾಠಿಯಲ್ಲಿ ಕೇಳಿದಳು: "ತಾಯಿ, ಹಿಂದೆ ಎರಡು ಸಲ ಉಳುಕಿದಾಗ ವ್ಯಾಯಾಮ ಎಷ್ಟು ದಿನ ಮಾಡಿದಿರಿ?"

"ವ್ಯಾಯಾಮ? ನೋವೇ ಹೋಗಿತ್ತಲ್ಲ" ಅಂದೆ.

ಅವಳು ನಕ್ಕಳು. ಎರಡು ವಾರ ಕಳೆದು ಬಾವು ಇಳಿದ ಮೇಲೆ ನನ್ನನ್ನು ಗೋಡೆಯ ಪಕ್ಕ ನಿಲ್ಲಿಸಿ, ಕಣ್ಣು ಮುಚ್ಚಿ ಒಂಟಿಗಾಲಲ್ಲಿ ನಿಲ್ಲಿ ಅಂದಳು. ಎಡಗಾಲಲ್ಲಿ ಆರಾಮಾಗಿ ನಿಂತೆ. ಬಲಗಾಲಿಗೆ ಬಂದಾಗ ನಾಲ್ಕು ಎಣಿಸುವಷ್ಟರಲ್ಲಿ ಗೋಡೆ ಹಿಡಿದುಕೊಂಡೆ. ನೋವು ಇರಲಿಲ್ಲ, ಆದರೂ ಕಾಲು ನಿಲ್ಲಲಿಲ್ಲ.

ಆ ಗಳಿಗೆಯಲ್ಲಿ ನನಗೆ ನೆನಪಾದದ್ದು ನಮ್ಮ ಅವ್ವ. ನಲವತ್ತೈದರ ಸುಮಾರಿಗೆ ಹಿತ್ತಲಿನ ಒದ್ದೆ ಕಲ್ಲಿನ ಮೇಲೆ ಜಾರಿ ಅವಳ ಕಾಲೂ ಹೀಗೇ ಉಳುಕಿತ್ತು. ಆಮೇಲೆ ವರ್ಷಕ್ಕೊಮ್ಮೆ ಎರಡು ಸಲ ಮತ್ತೆ ಮತ್ತೆ ಉಳುಕುತ್ತಿತ್ತು. "ನನ್ನ ಕಾಲ ಅಶಕ್ತ ಅದಾವ, ಹುಟ್ಟ ಗುಣ" ಎಂದು ಅವಳೇ ತೀರ್ಮಾನಿಸಿಕೊಂಡಳು. ಮೊದಲು ಉಳವಿ ಜಾತ್ರೆ ಬಿಟ್ಟಳು, ಆಮೇಲೆ ಗುಡಿಯ ಮೆಟ್ಟಿಲು, ಆಮೇಲೆ ಸಂಜೆಯ ಅಡ್ಡಾಟ. ಈಗ ಅವಳಿಗೆ ಅರವತ್ತೆರಡು. ಪುಣೆಗೆ ಬಂದರೆ ಲಿಫ್ಟು ಕೆಟ್ಟ ದಿನ ಮನೆಯಿಂದ ಹೊರಗೆ ಕಾಲಿಡುವುದಿಲ್ಲ. ಹದಿನೇಳು ವರ್ಷ. ಅದು ನಿಜವಾಗಿಯೂ ಹುಟ್ಟುಗುಣವೇ, ಇಲ್ಲ ಯಾರೂ ಅವಳಿಗೆ ಹೇಳಿಕೊಡದ ಒಂದು ಪಾಠವೇ?

ನಾನು ವೈದ್ಯಳಲ್ಲ, ಓದಿದ್ದು ಎಂ.ಟೆಕ್., ದುಡಿಯುವುದು ಹಿಂಜವಡಿಯ ಐ.ಟಿ. ಕಂಪನಿಯಲ್ಲಿ. ಆದರೆ ಕಾಲು ಎತ್ತಿ ದಿಂಬಿನ ಮೇಲಿಟ್ಟುಕೊಂಡು ಕೂತ ದಿನಗಳಲ್ಲಿ ಈ ಪ್ರಶ್ನೆ ಹಿಡಿದು ಓದಲು ಶುರು ಮಾಡಿದೆ. ಉಳುಕಿದ ಕಾಲಿಗೆ ವ್ಯಾಯಾಮವೇ ಮದ್ದು ಎಂಬ ಮಾತು ಎಲ್ಲಿಂದ ಬಂತು, ಯಾರು ಕಂಡುಕೊಂಡರು? ಹುಡುಕುತ್ತ ಹೋದ ಹಾಗೆ ಆ ದಾರಿಯಲ್ಲಿ ಹೆಂಗಸರೂ, ಸೈನಿಕರೂ, ನಮ್ಮ ಧಾರವಾಡವೂ, ಈ ಪುಣೆಯೂ ಸಿಕ್ಕವು. ಅದನ್ನೇ ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಲೇಪ ಮತ್ತು ಗರಡಿ

ಮೊದಲು ಉಳುಕು ಅಂದರೇನು ನೋಡೋಣ. ಹರಡಿನ ಹೊರಬದಿಯಲ್ಲಿ ಎಲುಬಿಗೆ ಎಲುಬನ್ನು ಕಟ್ಟಿ ಹಿಡಿಯುವ ಮೂರು ಗಟ್ಟಿ ಪಟ್ಟಿಗಳಿವೆ. ಇವನ್ನೇ ಲಿಗಮೆಂಟ್ ಎನ್ನುತ್ತಾರೆ. ಪಾದ ಒಳಕ್ಕೆ ಮಡಚಿಕೊಂಡಾಗ ಇವು ಅಳತೆ ಮೀರಿ ಜಗ್ಗುತ್ತವೆ, ಕೆಲವೊಮ್ಮೆ ಹರಿಯುತ್ತವೆ. ಸಾಮಾನ್ಯವಾಗಿ ಮೊದಲು ಪೆಟ್ಟು ತಿನ್ನುವುದು ಮುಂಬದಿಯ ಪಟ್ಟಿ. ಎಲುಬು ಮುರಿದರೆ ಎಕ್ಸ್‌ರೇಯಲ್ಲಿ ಕಾಣುತ್ತದೆ, ಮನೆಯವರೂ ಗಂಭೀರವಾಗಿ ತೆಗೆದುಕೊಳ್ಳುತ್ತಾರೆ. ಉಳುಕು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಹಾಗಾಗಿ "ಬರೇ ಉಳುಕು" ಅನ್ನಿಸಿಕೊಂಡು ಹೋಗುತ್ತದೆ.

ನಮ್ಮ ಅಜ್ಜಿಯರ ಬಳಿ ಇದಕ್ಕೆ ಹುಣಸೆ, ಅರಿಸಿನ, ಸುಣ್ಣದ ಲೇಪಗಳಿದ್ದವು. ಕಾಲು ಮುಂದಾಗಿ ಹುಟ್ಟಿದವರು ಮುಟ್ಟಿದರೆ ಉಳುಕು ಬಿಡುತ್ತದೆ ಎಂಬ ನಂಬಿಕೆಯೂ ನಮ್ಮ ಮನೆಯಲ್ಲಿತ್ತು. ಲೇಪದ ಬಿಸಿಗೆ, ಹಚ್ಚುವವರ ಕೈಯ ಪ್ರೀತಿಗೆ ನೋವು ಕಡಿಮೆ ಅನ್ನಿಸುತ್ತಿತ್ತು. ಎಲ್ಲದರ ಜೊತೆಗೂ ಒಂದೇ ಮಾತು: ಕಾಲು ಅಲ್ಲಾಡಿಸಬೇಡ.

ಅಂಗಸಾಧನೆಯ ಜ್ಞಾನ ನಮ್ಮಲ್ಲಿ ಇರಲಿಲ್ಲ ಅಂತಲ್ಲ. ಕಲ್ಯಾಣ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದ ಎಂಬ ಭಾಗವಿದೆ. ಮಲ್ಲರನ್ನು ಹೇಗೆ ವಿಂಗಡಿಸಬೇಕು, ಅವರ ಊಟ ಏನು, ಕಸರತ್ತು ಹೇಗೆ ಎಂದೆಲ್ಲ ಅದರಲ್ಲಿ ಹೇಳಿದೆ. ನಮ್ಮೂರ ಗರಡಿಮನೆಗಳಲ್ಲೂ, ಇಲ್ಲಿ ಪುಣೆಯ ಪೇಟೆಗಳಲ್ಲಿರುವ ಹಳೆಯ ತಾಲೀಮುಗಳಲ್ಲೂ ಪೈಲ್ವಾನರು ಮೈಗೆ ಎಣ್ಣೆ ತಿಕ್ಕಿಸಿಕೊಂಡು, ಸ್ವಲ್ಪ ಸ್ವಲ್ಪವೇ ಕಸರತ್ತು ಹೆಚ್ಚಿಸುತ್ತ ಕಣಕ್ಕೆ ಮರಳುವುದು ರೂಢಿ. ಆದರೆ ಗರಡಿಯ ಬಾಗಿಲು ಹೆಂಗಸರಿಗೆ ತೆರೆದಿರಲಿಲ್ಲ. ನಮಗೆ ಉಳಿದದ್ದು ಲೇಪ ಮಾತ್ರ.

ನಾಲ್ವರು ದಾದಿಯರು

ವ್ಯಾಯಾಮವನ್ನು ಚಿಕಿತ್ಸೆಯಾಗಿ ಶಾಲೆಯಲ್ಲಿಟ್ಟು ಕಲಿಸಿದವರಲ್ಲಿ ಮೊದಲಿಗರು ಸ್ವೀಡನ್ನಿನ ಪೆರ್ ಹೆನ್ರಿಕ್ ಲಿಂಗ್. ಅವರು ಕತ್ತಿವರಸೆಯ ಗುರು. 1813ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಅಂಗಸಾಧನೆಯ ಸಂಸ್ಥೆ ಕಟ್ಟಿ, ಅದರಲ್ಲಿ ರೋಗಿಗಳಿಗಾಗಿಯೇ ಒಂದು ವ್ಯಾಯಾಮ ಪದ್ಧತಿಯನ್ನು ಬೆಳೆಸಿದರು.

ಅಲ್ಲಿಂದ ಮುಂದಿನ ದೊಡ್ಡ ಹೆಜ್ಜೆ ಹೆಂಗಸರದು. 1894ರಲ್ಲಿ ಲಂಡನ್ನಿನ ನಾಲ್ವರು ದಾದಿಯರು, ಲೂಸಿ ರಾಬಿನ್ಸನ್, ರೊಸಾಲಿಂಡ್ ಪ್ಯಾಜೆಟ್, ಎಲಿಜಬೆತ್ ಮ್ಯಾನ್ಲಿ, ಮಾರ್ಗರೆಟ್ ಪಾಮರ್, ತರಬೇತಿ ಪಡೆದ ಮಾಲೀಶುಗಾರ್ತಿಯರ ಸಂಘ ಕಟ್ಟಿದರು. ಆ ವರ್ಷ ಲಂಡನ್ನಿನಲ್ಲಿ ಮಾಲೀಶಿನ ಹೆಸರಲ್ಲಿ ನಡೆಯುವ ಕೆಟ್ಟ ವ್ಯವಹಾರದ ಬಗ್ಗೆ ದೊಡ್ಡ ಗದ್ದಲವೆದ್ದಿತ್ತು. ಮರ್ಯಾದಸ್ಥ ಹೆಂಗಸು ಮಾಡುವ ಕೆಲಸವೇ ಅದು ಎಂದು ಜನ ಕೇಳುತ್ತಿದ್ದ ಹೊತ್ತು. ಇವರು ಕೆಲಸ ಬಿಟ್ಟು ಓಡಲಿಲ್ಲ. ನಿಯಮ ಮಾಡಿದರು, ಪರೀಕ್ಷೆ ಇಟ್ಟರು, ಪಾಸಾದವರಿಗೆ ಪ್ರಮಾಣಪತ್ರ ಕೊಟ್ಟರು. ಇಂದು ಬ್ರಿಟನ್ನಿನ ಫಿಸಿಯೋಥೆರಪಿಸ್ಟರ ಸಂಸ್ಥೆ ಆ ಸಂಘದಿಂದಲೇ ಬೆಳೆದದ್ದು.

ಮೊದಲ ಮಹಾಯುದ್ಧದಲ್ಲಿ ಗಾಯಗೊಂಡು ಬಂದ ಸೈನಿಕರನ್ನು ಎಬ್ಬಿಸಿ ನಡೆಸುವ ಕೆಲಸ ಅಮೆರಿಕದಲ್ಲೂ ಹೆಂಗಸರ ಕೈಗೇ ಬಂತು. ಅವರಲ್ಲಿ ಮುಂದಾಳು ಮೇರಿ ಮೆಕ್‌ಮಿಲನ್. 1921ರಲ್ಲಿ ಅಲ್ಲಿಯ ಸಂಘ ಹುಟ್ಟಿದಾಗ ಅವರೇ ಮೊದಲ ಅಧ್ಯಕ್ಷೆ. ಆಸ್ಟ್ರೇಲಿಯಾದ ಹಳ್ಳಿಗಾಡಿನ ದಾದಿ ಎಲಿಜಬೆತ್ ಕೆನ್ನಿ ಪೋಲಿಯೋ ಆದ ಮಕ್ಕಳ ಕೈಕಾಲನ್ನು ಪಟ್ಟಿ, ಅಚ್ಚುಗಳಲ್ಲಿ ಕಟ್ಟಿಡುವುದನ್ನು ಒಪ್ಪಲಿಲ್ಲ. ಬಿಸಿ ಉಣ್ಣೆಬಟ್ಟೆ ಸುತ್ತಿ, ಸ್ನಾಯುಗಳನ್ನು ಅಲ್ಲಾಡಿಸಿ ಕಲಿಸಬೇಕು ಎಂದರು. ಆಕೆಗೆ ವೈದ್ಯಕೀಯ ಪದವಿ ಇಲ್ಲ ಎಂದು ಹೀಯಾಳಿಸಿದವರು ಬಹಳ. 1940ರಲ್ಲಿ ಅಮೆರಿಕಕ್ಕೆ ಹೋಗಿ ತಮ್ಮ ರೀತಿಯನ್ನು ಮಾಡಿ ತೋರಿಸಿದರು. ಪೋಲಿಯೋ ಏಕೆ ಬರುತ್ತದೆ ಎಂಬ ಅವರ ವಿವರಣೆ ಎಲ್ಲ ಸರಿಯಿರಲಿಲ್ಲ. ಆದರೆ ಕಟ್ಟಿಟ್ಟ ಅಂಗ ಸೊರಗುತ್ತದೆ ಎಂಬ ಅವರ ಮಾತು ಉಳಿಯಿತು.

ಧಾರವಾಡದಿಂದ ಪುಣೆಗೆ

ಅದೇ ಕಾಲದಲ್ಲಿ ನಮ್ಮ ಸೀಮೆಯಲ್ಲಿ ಬೇರೊಂದು ಕಥೆ ನಡೆದಿತ್ತು. ಪುಣೆಯಲ್ಲಿರುವ ಕನ್ನಡಿಗರಿಗೆಲ್ಲ ಬಿ.ಕೆ.ಎಸ್. ಅಯ್ಯಂಗಾರ್ ಹೆಸರು ಗೊತ್ತು. ಅವರು ಬಂದ ದಾರಿ ಎಲ್ಲರಿಗೂ ಗೊತ್ತಿರಲಿಕ್ಕಿಲ್ಲ.

ಅವರು ಹುಟ್ಟಿದ್ದು 1918ರ ಡಿಸೆಂಬರ್ 14ರಂದು, ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ, ಇನ್‌ಫ್ಲುಯೆಂಜಾ ಮಹಾಮಾರಿ ಊರೂರಿಗೆ ಹಬ್ಬಿದ್ದ ಹೊತ್ತಿನಲ್ಲಿ. ಬಾಲ್ಯದಲ್ಲಿ ಮಲೇರಿಯಾ, ಟೈಫಾಯ್ಡ್, ಕ್ಷಯ ಒಂದರ ಮೇಲೊಂದು ಕಾಡಿದವು. ಒಂಬತ್ತನೇ ವಯಸ್ಸಿಗೆ ತಂದೆ ತೀರಿಹೋದರು. 1934ರಲ್ಲಿ ಮೈಸೂರಿಗೆ, ಅಕ್ಕನ ಗಂಡ ತಿರುಮಲೈ ಕೃಷ್ಣಮಾಚಾರ್ಯರ ಮನೆಗೆ ಬಂದರು. ಕೃಷ್ಣಮಾಚಾರ್ಯರು ಆಗ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸುತ್ತಿದ್ದರು.

1936ರಲ್ಲಿ ಕೃಷ್ಣಮಾಚಾರ್ಯರು ಶಿಷ್ಯರೊಡನೆ ಉತ್ತರ ಕರ್ನಾಟಕದ ಪ್ರವಾಸ ಮಾಡಿದರು. ಧಾರವಾಡದಲ್ಲಿ ಕೆಲವು ಹೆಂಗಸರು ತಮಗೂ ಯೋಗ ಕಲಿಸಿ ಎಂದು ಕೇಳಿದರು. ಆಗಿನ ಕಾಲ ನೋಡಿ, ಪರಗಂಡಸರು ಹೇಗೆ ಕಲಿಸುವುದು? ಶಿಷ್ಯರಲ್ಲಿ ಎಲ್ಲರಿಗಿಂತ ಚಿಕ್ಕವನಾದ ಅಯ್ಯಂಗಾರನನ್ನೇ ಗುರು ಮುಂದೆ ಮಾಡಿದರು. ಜಗತ್ತಿಗೆಲ್ಲ ಯೋಗ ಕಲಿಸಿದ ಮನುಷ್ಯನ ಮೊದಲ ವಿದ್ಯಾರ್ಥಿಗಳಲ್ಲಿ ನಮ್ಮ ಧಾರವಾಡದ ಹೆಣ್ಣುಮಕ್ಕಳು ಇದ್ದರು ಎಂದು ಓದಿದಾಗ ನನಗೆ ಆದ ಸಂತೋಷ ಹೇಳತೀರದು. ನಮ್ಮ ಅಜ್ಜಿಯ ಪೀಳಿಗೆಯವರಿಗಿಂತ ಸ್ವಲ್ಪ ಹಿರಿಯರಿರಬೇಕು. ಕೇಳುವ ಧೈರ್ಯ ಅವರಿಗಿತ್ತು.

ಬೆಳಗಾವಿಯಲ್ಲಿ ಸಿವಿಲ್ ಸರ್ಜನ್ ಆಗಿದ್ದ ಡಾ. ವಿ.ಬಿ. ಗೋಖಲೆ ಈ ಯೋಗ ಪ್ರದರ್ಶನಗಳನ್ನು ನೋಡಿ ಮೆಚ್ಚಿದ್ದರು. ಅವರ ಒತ್ತಾಸೆಯಿಂದ 1937ರಲ್ಲಿ ಅಯ್ಯಂಗಾರರು ಆರು ತಿಂಗಳ ಮಟ್ಟಿಗೆ ಪುಣೆಯ ಡೆಕ್ಕನ್ ಜಿಮ್‌ಖಾನಾಕ್ಕೆ ಕಲಿಸಲು ಬಂದರು. ಮರಾಠಿ ಬರದು, ಇಂಗ್ಲಿಷು ಅಷ್ಟಕ್ಕಷ್ಟೇ, ವಯಸ್ಸು ಹದಿನೆಂಟು. ಆರು ತಿಂಗಳಿಗೆಂದು ಬಂದವರು 2014ರ ಆಗಸ್ಟ್ 20ರಂದು ತೀರಿಕೊಳ್ಳುವವರೆಗೂ ಇಲ್ಲಿಯೇ ಇದ್ದರು. ಪ್ರಾಜೆಕ್ಟಿಗೆಂದು ಆರು ತಿಂಗಳಿಗೆ ಪುಣೆಗೆ ಬಂದು ಹತ್ತು ವರ್ಷ ಕಳೆದ ನಮ್ಮಂಥವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ.

1966ರಲ್ಲಿ ಬಂದ ಅವರ 'ಲೈಟ್ ಆನ್ ಯೋಗ' ಪುಸ್ತಕದ ಮೊದಲ ಆಸನ ತಾಡಾಸನ, ಅಂದರೆ ಬರೇ ನೆಟ್ಟಗೆ ನಿಲ್ಲುವುದು. ನಾವು ನಿಲ್ಲುವುದನ್ನೇ ಸರಿಯಾಗಿ ಕಲಿತಿಲ್ಲ, ಬೇಕಾದರೆ ಚಪ್ಪಲಿಯ ಹಿಮ್ಮಡಿ ಎಲ್ಲಿ ಸವೆದಿದೆ ನೋಡಿಕೊಳ್ಳಿ ಎಂಬ ಅರ್ಥದ ಮಾತು ಅಲ್ಲಿದೆ. ನಾನು ಎದ್ದು ಹೋಗಿ ನನ್ನ ಬಲಗಾಲಿನ ಶೂ ತಿರುಗಿಸಿ ನೋಡಿದೆ. ಹೊರ ಅಂಚು ಪೂರ್ತಿ ಸವೆದಿತ್ತು.

1979ರಲ್ಲಿ, ಅರವತ್ತರ ವಯಸ್ಸಿನಲ್ಲಿ, ಅವರಿಗೆ ಸ್ಕೂಟರ್ ಅಪಘಾತವಾಗಿ ಬೆನ್ನು, ಭುಜಕ್ಕೆ ಪೆಟ್ಟಾಯಿತು. ಸುಲಭವಾಗಿ ಮಾಡುತ್ತಿದ್ದ ಆಸನಗಳು ಕೈತಪ್ಪಿದವು. ಹಗ್ಗ, ಬೆಲ್ಟು, ಮರದ ತುಂಡು, ಕುರ್ಚಿಗಳ ಆಸರೆಯಲ್ಲಿ ಮೊದಲಿನಿಂದ ಶುರು ಮಾಡಿ, ವರ್ಷಗಟ್ಟಲೆ ದುಡಿದು ಮರಳಿ ಪಡೆದರು. ಆಸರೆ ಕೊಟ್ಟು, ಶರೀರಕ್ಕೆ ತಾಳುವಷ್ಟೇ ಕೆಲಸ ಕೊಟ್ಟು, ನಿಧಾನವಾಗಿ ಆಸರೆ ತೆಗೆಯುವುದು ಅವರ ರೀತಿ. ನನ್ನ ಫಿಸಿಯೋಥೆರಪಿಸ್ಟ್ ಮಾಡಿಸಿದ್ದೂ ಅದನ್ನೇ. ಯೋಗವೂ ಫಿಸಿಯೋಥೆರಪಿಯೂ ಒಂದೇ ಎಂದು ನಾನು ಹೇಳುತ್ತಿಲ್ಲ, ಎರಡರ ಹುಟ್ಟು ಬೇರೆ, ಪರೀಕ್ಷಿಸುವ ರೀತಿ ಬೇರೆ. ತಾಳ್ಮೆ ಮಾತ್ರ ಒಂದೇ.

ಶಿವಾಜಿನಗರದ ಅವರ ಸಂಸ್ಥೆಗೆ ಹೆಂಡತಿ ರಮಾಮಣಿಯವರ ಹೆಸರಿದೆ. 1973ರಲ್ಲಿ ಭೂಮಿಪೂಜೆಯಾದ ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು, 1975ರಲ್ಲಿ ಕಟ್ಟಡ ತೆರೆಯಿತು. ಚಿಕ್ಕಂದಿನಲ್ಲಿ ಮೂತ್ರಪಿಂಡದ ಕಾಯಿಲೆಯಿಂದ ಬಳಲಿದ ಮಗಳು ಗೀತಾ ಅಯ್ಯಂಗಾರ್ ಮುಂದೆ ಹೆಂಗಸರ ಶರೀರಕ್ಕಾಗಿಯೇ ಯೋಗಾಭ್ಯಾಸ ರೂಪಿಸಿ, 1983ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು.

ಸೈನಿಕರ ಪುಣೆ

ಪುಣೆಗೆ ಇನ್ನೊಂದು ಇತಿಹಾಸವಿದೆ, ಅದು ದಂಡಿನದು. ಎರಡನೆಯ ಮಹಾಯುದ್ಧದಲ್ಲಿ ಕೈಕಾಲು ಕಳೆದುಕೊಂಡ ಸೈನಿಕರಿಗಾಗಿ 1944ರಲ್ಲಿ ಇಲ್ಲಿ ಕೃತಕ ಅಂಗಗಳ ಕೇಂದ್ರ ಶುರುವಾಯಿತು. ಮರದ ಕಾಲು ಕೊಟ್ಟರೆ ಸಾಲದು, ಅದರ ಮೇಲೆ ನಿಲ್ಲಲು, ನಡೆಯಲು ಕಲಿಸಬೇಕು. 1945ರಲ್ಲಿ ಅಮೆರಿಕದ ಸೇನಾ ವೈದ್ಯ ಥಾಮಸ್ ಡಿಲಾರ್ಮ್ ಸೊರಗಿದ ಸ್ನಾಯುವಿಗೆ ದಿನದಿಂದ ದಿನಕ್ಕೆ ಭಾರ ಹೆಚ್ಚಿಸುತ್ತ ವ್ಯಾಯಾಮ ಕೊಡುವ ಕ್ರಮವನ್ನು ಪ್ರಕಟಿಸಿದರು. ಇಂದು ನಮ್ಮ ಕಾಲಿಗೆ ಕಟ್ಟುವ ರಬ್ಬರ್ ಪಟ್ಟಿ ಹಳದಿಯಿಂದ ಕೆಂಪಿಗೆ, ಕೆಂಪಿನಿಂದ ಹಸಿರಿಗೆ ಬಿಗಿಯಾಗುತ್ತ ಹೋಗುವುದರ ಹಿಂದೆ ಇರುವುದು ಅದೇ ವಿಚಾರ.

ಸ್ವತಂತ್ರ ಭಾರತದಲ್ಲಿ ಪೋಲಿಯೋ ಕಾಡಿದಾಗ 1950ರ ದಶಕದ ಮೊದಲ ವರ್ಷಗಳಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಫಿಸಿಯೋಥೆರಪಿ ಶಾಲೆ ತೆರೆಯಿತು. 1955ರಲ್ಲಿ ಫಿಸಿಯೋಥೆರಪಿಸ್ಟರ ಅಖಿಲ ಭಾರತ ಸಂಘ ಹುಟ್ಟಿತು.

1965ರ ಯುದ್ಧದಲ್ಲಿ ಸೇನೆಯ ಇ.ಎಂ.ಇ. ದಳದ ಬಾಕ್ಸರ್ ಮುರಳೀಕಾಂತ ಪೇಟ್ಕರ್ ಗುಂಡೇಟು ತಿಂದು ಸೊಂಟದ ಕೆಳಗಿನ ಬಲ ಕಳೆದುಕೊಂಡರು. ಅವರು ಸಾಂಗ್ಲಿ ಜಿಲ್ಲೆಯವರು. ಚೇತರಿಕೆಯ ವ್ಯಾಯಾಮವಾಗಿ ನೀರಿಗಿಳಿದವರು ಈಜುಗಾರರೇ ಆದರು. 1972ರ ಹೈಡೆಲ್‌ಬರ್ಗ್ ಪ್ಯಾರಾಲಿಂಪಿಕ್ಸ್‌ನಲ್ಲಿ 50 ಮೀಟರ್ ಈಜಿನಲ್ಲಿ ಚಿನ್ನ ಗೆದ್ದರು. ದೇಶಕ್ಕೆ ಅದು ಪ್ಯಾರಾಲಿಂಪಿಕ್ಸ್‌ನ ಮೊದಲ ಚಿನ್ನ. ಸರಕಾರ ಅವರಿಗೆ ಪದ್ಮಶ್ರೀ ಕೊಡಲು 2018 ಬರಬೇಕಾಯಿತು. ಬೆನ್ನುಹುರಿಗೆ ಪೆಟ್ಟಾದ ಸೈನಿಕರಿಗಾಗಿ ಖಡ್ಕಿಯಲ್ಲಿ 1974ರಲ್ಲಿ ಪುನರ್ವಸತಿ ಕೇಂದ್ರವೂ ತೆರೆಯಿತು. ಅಂಥವರ ಮುಂದೆ ನನ್ನ ಉಳುಕು ಯಾವ ಲೆಕ್ಕ? ಆದರೆ ಅವರಿಗಾಗಿ ಕಂಡುಕೊಂಡ ದಾರಿಯಲ್ಲೇ ನನ್ನ ಕಾಲೂ ನಡೆಯಿತು.

1965ರ ಒಂದು ಹಲಗೆ

ಉಳುಕಿನ ಕಥೆ ತಿರುವು ಪಡೆದದ್ದು ಅದೇ 1965ರಲ್ಲಿ. ಲಂಡನ್ನಿನ ಮೂಳೆ ವೈದ್ಯ ಮೈಕೆಲ್ ಫ್ರೀಮನ್ ಮತ್ತು ಜೊತೆಗಾರರು ಒಂದು ಪ್ರಶ್ನೆ ಕೇಳಿದರು: ಒಮ್ಮೆ ಉಳುಕಿದ ಕಾಲು ಮತ್ತೆ ಮತ್ತೆ ಏಕೆ ಉಳುಕುತ್ತದೆ? ಪಟ್ಟಿ ಸಡಿಲವಾಯಿತು, ಅದಕ್ಕೇ ಎಂದು ಎಲ್ಲರೂ ನಂಬಿದ್ದರು. ಫ್ರೀಮನ್ ಬೇರೆ ಕಾರಣ ಮುಂದಿಟ್ಟರು. ಆ ಪಟ್ಟಿಯಲ್ಲಿ ನರದ ತುದಿಗಳಿವೆ. ಪಾದ ಯಾವ ಕೋನದಲ್ಲಿದೆ, ನೆಲ ಎಷ್ಟು ಓರೆ ಎಂಬ ಸುದ್ದಿಯನ್ನು ಅವು ಗಳಿಗೆ ಗಳಿಗೆಗೂ ಮೇಲಕ್ಕೆ ಕಳಿಸುತ್ತವೆ. ಉಳುಕಿದಾಗ ಆ ತುದಿಗಳಿಗೂ ಪೆಟ್ಟಾಗುತ್ತದೆ. ಸುದ್ದಿ ತಡವಾಗುತ್ತದೆ, ಸ್ನಾಯು ಕಾಲನ್ನು ಹಿಡಿದುಕೊಳ್ಳುವುದೂ ತಡವಾಗುತ್ತದೆ.

ನನ್ನ ಭಾಷೆಯಲ್ಲಿ ಹೇಳಬೇಕೆಂದರೆ ಸೆನ್ಸರ್ ಕೆಟ್ಟಿದೆ, ಮೋಟಾರು ಚೆನ್ನಾಗಿಯೇ ಇದೆ. ಸೆನ್ಸರ್ ಸರಿಮಾಡದೆ ವಿಶ್ರಾಂತಿ ಕೊಟ್ಟು ಮತ್ತೆ ಚಾಲೂ ಮಾಡಿದರೆ ಮಷೀನು ಅದೇ ಜಾಗದಲ್ಲಿ ಮತ್ತೆ ಬೀಳುತ್ತದೆ. ನಾನು ಎರಡು ಸಲ ಮಾಡಿದ್ದು ಅದನ್ನೇ.

ಫ್ರೀಮನ್ ರೋಗಿಗಳನ್ನು ತೂಗಾಡುವ ಹಲಗೆಯ ಮೇಲೆ ನಿಲ್ಲಿಸಿ ಸಮತೋಲ ಕಲಿಸಿದರು. ಹಾಗೆ ಕಲಿತವರಲ್ಲಿ ಕಾಲು ಕೈಕೊಡುವುದು ಕಡಿಮೆಯಾಯಿತು. ಅವರು ಹೇಳಿದ ಕಾರಣದ ವಿವರಗಳ ಬಗ್ಗೆ ಸಂಶೋಧಕರು ಇಂದಿಗೂ ಚರ್ಚಿಸುತ್ತಾರೆ, ಆದರೆ ಆ ಹಲಗೆ ಇಂದು ಬಹುತೇಕ ಎಲ್ಲ ಫಿಸಿಯೋಥೆರಪಿ ಕೋಣೆಗಳಲ್ಲಿದೆ.

ಆದರೂ ಜನರ ಬಾಯಲ್ಲಿ ನಿಂತದ್ದು ಬೇರೆಯೇ ಮಂತ್ರ. 1978ರಲ್ಲಿ ಅಮೆರಿಕದ ವೈದ್ಯ ಗೇಬ್ ಮಿರ್ಕಿನ್ ತಮ್ಮ ಕ್ರೀಡಾವೈದ್ಯದ ಪುಸ್ತಕದಲ್ಲಿ 'ರೈಸ್' ಎಂಬ ಸೂತ್ರ ಕೊಟ್ಟರು: ವಿಶ್ರಾಂತಿ, ಮಂಜುಗಡ್ಡೆ, ಬಿಗಿಪಟ್ಟಿ, ಕಾಲು ಎತ್ತರದಲ್ಲಿಡುವುದು. ನೆನಪಿಡಲು ಸುಲಭ, ಶಾಲೆಯ ಗೋಡೆಯಿಂದ ಆಫೀಸಿನ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯವರೆಗೆ ಹರಡಿತು. ಸುಮಾರು 35 ವರ್ಷಗಳ ನಂತರ ಮಿರ್ಕಿನ್ ಅವರೇ, ಮಂಜುಗಡ್ಡೆಯೂ ಪೂರ್ತಿ ವಿಶ್ರಾಂತಿಯೂ ಗುಣವಾಗುವುದನ್ನು ತಡಮಾಡಬಹುದು ಎಂದು ಬರೆದು ತಮ್ಮ ಮಾತನ್ನು ತಿದ್ದಿಕೊಂಡರು. ಅಷ್ಟು ಪ್ರಸಿದ್ಧವಾದ ಮಾತನ್ನು ತಾನೇ ತಿದ್ದಿಕೊಳ್ಳುವುದು ಸಣ್ಣ ಗುಣವಲ್ಲ.

2009ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು ಕಾಲು ಉಳುಕಿದ 522 ಆಟಗಾರರ ಅಧ್ಯಯನ ಪ್ರಕಟಿಸಿದರು. ಅರ್ಧ ಜನರಿಗೆ ಎಂದಿನ ಚಿಕಿತ್ಸೆಯ ಜೊತೆಗೆ ಎಂಟು ವಾರ ಮನೆಯಲ್ಲೇ ಮಾಡಿಕೊಳ್ಳುವ ಸಮತೋಲದ ವ್ಯಾಯಾಮ ಹೇಳಿಕೊಟ್ಟಿದ್ದರು. ಒಂದು ವರ್ಷದಲ್ಲಿ ಮತ್ತೆ ಉಳುಕಿದವರು, ವ್ಯಾಯಾಮ ಹೇಳಿಕೊಡದ ಗುಂಪಿನಲ್ಲಿ ನೂರಕ್ಕೆ 33, ಹೇಳಿಕೊಟ್ಟ ಗುಂಪಿನಲ್ಲಿ ನೂರಕ್ಕೆ 22. ಆಸ್ಪತ್ರೆ ಬೇಡ, ದುಬಾರಿ ಯಂತ್ರ ಬೇಡ, ಮನೆಯ ಮೂಲೆ ಸಾಕು. ಮರುವರ್ಷ ಬಂದ ಇನ್ನೊಂದು ಅಧ್ಯಯನ, ಮೊದಲ ವಾರದಲ್ಲೇ ಹಗುರ ವ್ಯಾಯಾಮ ಶುರು ಮಾಡಿದವರು ಬೇಗ ಓಡಾಡುತ್ತಾರೆ ಎಂದು ತೋರಿಸಿತು. ಈಗ ಫಿಸಿಯೋಥೆರಪಿಸ್ಟರು ಮೊದಲ ಕೆಲವು ದಿನ ಕಾಲನ್ನು ಕಾಪಾಡಿ, ಆಮೇಲೆ ತಾಳುವಷ್ಟು ಭಾರ ಹಾಕಿ ಎನ್ನುತ್ತಾರೆ.

ನನ್ನ ಎಂಟು ವಾರ

ನನಗೆ ಮೊದಲ ವಾರ ಕೊಟ್ಟ ಕೆಲಸ ಕೂತಲ್ಲೇ ಹೆಬ್ಬೆರಳಿನಿಂದ ಗಾಳಿಯಲ್ಲಿ ಅಕ್ಷರ ಬರೆಯುವುದು. ಅವಳು ಎ ಇಂದ ಜೆಡ್‌ವರೆಗೆ ಅಂದಳು. ನಾನು ಅ ಆ ಇ ಈ ಬರೆದೆ. ನಮ್ಮ ಅಕ್ಷರಗಳ ಗುಂಡು, ಸುರುಳಿ, ಒತ್ತುಗಳಿಗೆ ಕಾಲು ಎಲ್ಲ ದಿಕ್ಕಿಗೂ ತಿರುಗಲೇಬೇಕು. 'ಋ' ಬರೆಯುವಾಗ ಬೆವರಿದೆ. "ನಿಮ್ಮ ಲಿಪಿಯೇ ಒಳ್ಳೇ ವ್ಯಾಯಾಮ" ಎಂದು ಅವಳು ನಕ್ಕಳು.

ಆಮೇಲೆ ಕಾಲ್ಬೆರಳಿನಿಂದ ಟವೆಲ್ಲು ಮುದುರುವುದು, ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು, ರಬ್ಬರ್ ಪಟ್ಟಿಯನ್ನು ಪಾದದಿಂದ ಹೊರಕ್ಕೆ ಜಗ್ಗುವುದು. ನಾಲ್ಕನೇ ವಾರದಿಂದ ಹಲ್ಲುಜ್ಜುವಾಗ ಒಂಟಿಗಾಲು. ಅದು ಸುಲಭವಾದ ಮೇಲೆ ಕಣ್ಣು ಮುಚ್ಚಿ, ಆಮೇಲೆ ದಿಂಬಿನ ಮೇಲೆ ನಿಂತು. ಕೊನೆಗೆ ಕೋಲಾಟದ ಹೆಜ್ಜೆಗಳು. ದಿನಕ್ಕೆ ಹದಿನೈದು ನಿಮಿಷ ಸಾಕಿತ್ತು. ನಿಜ ಹೇಳುತ್ತೇನೆ, ವ್ಯಾಯಾಮ ಕಷ್ಟವಿರಲಿಲ್ಲ, ಆ ಹದಿನೈದು ನಿಮಿಷ ನನ್ನದು ಎಂದು ಮನೆಯಲ್ಲಿ ಹೇಳುವುದು ಕಷ್ಟವಾಯಿತು. ಕುಕ್ಕರ್ ಕೂಗುತ್ತದೆ, ಮಗ ಕರೆಯುತ್ತಾನೆ, ಮೀಟಿಂಗಿನ ಗಂಟೆ ಬಾರಿಸುತ್ತದೆ. ನೋವಿದ್ದಾಗ ಎಲ್ಲರೂ ಉಪಚರಿಸುತ್ತಾರೆ. ನೋವು ಹೋದ ಮೇಲೂ ಆರು ವಾರ ಕಾಲಿಗೆಂದು ಸಮಯ ಕೊಡುವುದು ನಮಗೇ ಅತಿಯೆನಿಸುತ್ತದೆ. ಅವ್ವನಿಗೂ ಹಾಗೇ ಆಗಿದ್ದಿರಬೇಕು. ಎಂಟು ದಿನ ವಿಶ್ರಾಂತಿ ಎಂದರು, ನಾಲ್ಕನೇ ದಿನಕ್ಕೆ ಒಲೆಯ ಮುಂದೆ ನಿಂತಿದ್ದಳು. ವಿಶ್ರಾಂತಿಯೂ ಸಿಗಲಿಲ್ಲ, ವ್ಯಾಯಾಮವೂ ಸಿಗಲಿಲ್ಲ.

ಒಂದು ಎಚ್ಚರಿಕೆ ಹೇಳಲೇಬೇಕು. ಎಲ್ಲ ಬಾವೂ ಬರೇ ಉಳುಕಲ್ಲ. ಕೆನಡಾದ ಒಟ್ಟಾವಾದ ವೈದ್ಯರು 1992ರಲ್ಲಿ ಪ್ರಕಟಿಸಿದ ನಿಯಮಗಳು ಇಂದಿಗೂ ಬಳಕೆಯಲ್ಲಿವೆ: ನಾಲ್ಕು ಹೆಜ್ಜೆ ಇಡಲು ಆಗದಿದ್ದರೆ, ಇಲ್ಲವೇ ಹರಡಿನ ಎರಡೂ ಬದಿಯ ಗಂಟೆಲುಬಿನ ಹಿಂದಂಚನ್ನು ಅಥವಾ ಪಾದದ ಕೆಲವು ನಿರ್ದಿಷ್ಟ ಎಲುಬುಗಳನ್ನು ಒತ್ತಿದಾಗ ನೋವಾದರೆ ಎಕ್ಸ್‌ರೇ ಬೇಕು. ಮೊದಲು ಡಾಕ್ಟರಿಗೆ ತೋರಿಸಿ, ಆಮೇಲೆ ಅಕ್ಷರ ಬರೆಯಿರಿ.

ಈ ಸಂಕ್ರಾಂತಿಗೆ ಅವ್ವ ಬಂದಿದ್ದಳು. ಬೆಳಿಗ್ಗೆ ಬ್ರಶ್ ಬಾಯಲ್ಲಿಟ್ಟು ಒಂಟಿಗಾಲಲ್ಲಿ ನಿಂತ ನನ್ನನ್ನು ನೋಡಿ, "ಏನವಾ, ಕೊಕ್ಕರೆಗತೆ ನಿಂತೀಯಲ್ಲ?" ಅಂದಳು. ಎಲ್ಲ ಹೇಳಿದೆ. ಲಂಡನ್ನಿನ ಹಲಗೆ, ಧಾರವಾಡದ ಹೆಂಗಸರು, ಸುದ್ದಿ ಕಳಿಸುವ ನರ. ಸುಮ್ಮನೆ ಕೇಳಿದಳು. "ಈ ವಯಸ್ಸಿನಾಗ ಅದೆಲ್ಲ ಆಗೂದಿಲ್ಲ ಬಿಡವಾ" ಅಂದಳು. ಅವಳನ್ನೂ ಫಿಸಿಯೋಥೆರಪಿಸ್ಟಳಿಗೆ ತೋರಿಸಿದೆ. ಮಂಡಿ, ಬಿ.ಪಿ. ಎಲ್ಲ ವಿಚಾರಿಸಿ, ಕಟ್ಟೆ ಎರಡೂ ಕೈಯಲ್ಲಿ ಹಿಡಿದುಕೊಂಡು ಮಾಡುವ ಎರಡೇ ಎರಡು ವ್ಯಾಯಾಮ ಹೇಳಿಕೊಟ್ಟಳು.

ಮೊದಲ ದಿನ ಅವ್ವ ಎರಡು ಎಣಿಸುವಷ್ಟರಲ್ಲಿ ಕಾಲಿಟ್ಟಳು. ಊರಿಗೆ ಹೊರಡುವ ಹೊತ್ತಿಗೆ ಒಂದು ಕೈ ಬಿಟ್ಟು ಹನ್ನೆರಡು. ಈಗ ದಿನಾ ಸಂಜೆ ಫೋನಿನಲ್ಲಿ ಲೆಕ್ಕ ಒಪ್ಪಿಸುತ್ತಾಳೆ. ಹೋದ ವಾರ ಹೇಳಿದಳು, ಗುಡಿಯ ಒಂಬತ್ತು ಮೆಟ್ಟಿಲು ಹತ್ತಿ ಬಂದಳಂತೆ, ಕಂಬಿ ಹಿಡಿದುಕೊಂಡು. ಇಳಿಯುವಾಗ ಹೆದರಿಕೆಯಾಯಿತಾ ಎಂದು ಕೇಳಿದೆ.

"ಆತು. ಆದ್ರೂ ಕಾಲ ನಿಂತ್ವು" ಅಂದಳು.

ಈ ಸಲದ ಕೋಲಾಟಕ್ಕೆ ನಾನು ಹೆಸರು ಕೊಟ್ಟಿದ್ದೇನೆ. ನಿಮ್ಮಲ್ಲಿ ಯಾರದಾದರೂ ಕಾಲು 'ಅಶಕ್ತ' ಎಂದು ಮೂಲೆಗೆ ಸೇರಿದ್ದರೆ, ಡಾಕ್ಟರನ್ನೊಮ್ಮೆ ಕೇಳಿಕೊಂಡು ತಾಲೀಮಿಗೆ ಹತ್ತು ನಿಮಿಷ ಮೊದಲೇ ಬನ್ನಿ. ಗೋಡೆಯ ಪಕ್ಕ ಎಲ್ಲರೂ ಕೊಕ್ಕರೆಗಳಾಗಿ ನಿಂತು, ಆಮೇಲೆ ಕೋಲು ಹಿಡಿಯೋಣ.